ಬೇಸ್ ರಾಯರು

ಇಂಗ್ಲೆಂಡಿನಲ್ಲಿ ನಾಲ್ಕು ಕನ್ನಡದ ಮನೆ ಒಟ್ಟಿಗಿರುವ ಊರು ಯಾವುದಾದರೂ ಇರಲಿ, ರೆಡಿಂಗೋ ಸ್ಲೌವೋ ಮಿಲ್ಟನ್ ಕೀನ್ಸೋ, ಅಲ್ಲೊಬ್ಬರು ಬೇಸ್ ರಾಯರು ಇದ್ದೇ ಇರುತ್ತಾರೆ. ಹೆಸರು ಬೇರೆ, ಕಂಪನಿ ಬೇರೆ, ತಾಲ್ಲೂಕು ಬೇರೆ, ಚಾಳಿ ಒಂದೇ. ಯುಗಾದಿ ಊಟಕ್ಕೆ ಕರೆದಿದ್ದರೆ, ಕೋಸಂಬರಿ ಬಡಿಸುವ ಹೊತ್ತಿಗೆ ಅವರು ಹಿತ್ತಿಲ ಬಾಗಿಲಾಚೆ ಚಳಿಯಲ್ಲಿ ನಿಂತಿರುತ್ತಾರೆ. ಅಂಗೈಯಲ್ಲಿ ಮುಷ್ಟಿಗಾತ್ರದ ಯಂತ್ರ, ಮುಖದ ಸುತ್ತ ಬಿಳಿ ಆವಿ. "ಯಾವ ಫ್ಲೇವರ್ ರಾಯರೇ?" ಎಂದು ದಾಕ್ಷಿಣ್ಯಕ್ಕೆ ಕೇಳಿದಿರೋ, ಕೆಟ್ಟಿರಿ. "ಫ್ಲೇವರ್ ಬಿಡಿ ಸಾರ್, ಅದನ್ನ ಯಾರ್ ಬೇಕಾದ್ರೂ ಹಾಕ್ಕೋತಾರೆ. ಬೇಸ್ ಸರಿಯಾಗಿರ್ಬೇಕು" ಎಂದು ಅವರು ಶುರುಮಾಡಿ ನಿಲ್ಲಿಸುವಷ್ಟರಲ್ಲಿ ಒಳಗೆ ಹೋಳಿಗೆ ಖಾಲಿ.

ನಮ್ಮ ರಾಯರು ಮೊದಲು ಸಿಗರೇಟು ಸೇದುತ್ತಿದ್ದವರು. ಬೆಂಗಳೂರಿನಲ್ಲಿದ್ದಾಗ ಆಫೀಸಿನ ಎದುರಿನ ಪೆಟ್ಟಿಗೆ ಅಂಗಡಿಯಲ್ಲಿ ಟೀ ಜೊತೆ ಒಂದು, ಟೀ ಇಲ್ಲದೆ ಮೂರು. ಇಲ್ಲಿಗೆ ಬಂದು ಒಂದು ಪ್ಯಾಕಿನ ಬೆಲೆಯನ್ನು ರೂಪಾಯಿಗೆ ತಿರುಗಿಸಿ ನೋಡಿದವರೇ ಬಿಟ್ಟುಬಿಟ್ಟರು. ಸಿಗರೇಟು ಬಿಡಿಸಿದ್ದು ಕೆಮ್ಮೂ ಅಲ್ಲ, ಹೆಂಡತಿಯೂ ಅಲ್ಲ, ಗುಣಾಕಾರ. ಈ ದೇಶದಲ್ಲಿ ಸರ್ಕಾರವೇ ಸಿಗರೇಟು ಬಿಟ್ಟು ವೇಪ್, ಅಂದರೆ ಇ-ಸಿಗರೇಟು, ಹಿಡಿಯಿರಿ ಎನ್ನುತ್ತದೆ. ಹತ್ತು ಲಕ್ಷ ಮಂದಿಗೆ ವೇಪ್ ಕಿಟ್ ಕೊಡುವ ಯೋಜನೆಯನ್ನೇ 2023ರಲ್ಲಿ ಪ್ರಕಟಿಸಿತು. ರಾಯರ ನಾಲಿಗೆ ತುದಿಯಲ್ಲಿರುವುದು ಇನ್ನೂ ಹಳೆಯ ಮಾತು: ವೇಪಿನ ಹಾನಿ ಸಿಗರೇಟಿಗಿಂತ ಸುಮಾರು ಶೇ 95ರಷ್ಟು ಕಡಿಮೆ ಎಂದು ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ 2015ರಲ್ಲಿ ಹೇಳಿದ್ದು. "ಮಿಕ್ಕ ಐದು ಯಾರಿಗೆ ರೀ?" ಎಂದು ಹೆಂಡತಿ ಕೇಳುತ್ತಾರೆ. "ಬೇಸ್ ಸರಿ ಇಲ್ದೋರಿಗೆ" ಎನ್ನುತ್ತಾರೆ ರಾಯರು, ಮುಖದಲ್ಲಿ ನಗುವಿಲ್ಲದೆ.

ಬೇಸ್ ಎಂದರೇನೆಂದು ತಿಳಿಯದ ಪುಣ್ಯವಂತರಿಗೆ ಒಂದು ಮಾತು. ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ಒಂದಿಷ್ಟು ನಿಕೋಟಿನ್, ಇಷ್ಟೇ. ಮೊದಲನೆಯದು ದಟ್ಟವಾದ ಆವಿ ಕೊಡುತ್ತದೆ, ಎರಡನೆಯದು ಪರಿಮಳವನ್ನು ಹೊತ್ತು ತರುತ್ತದೆ, ಮೂರನೆಯದಕ್ಕಾಗಿಯೇ ಇಷ್ಟೆಲ್ಲ ಪಾಡು. ಮೂರನ್ನೂ ಅಳೆದು ಬೆರೆಸಿ, ಪರಿಮಳ ಹಾಕದೆ, ಮೊದಲೇ ಮಾಡಿಟ್ಟುಕೊಂಡರೆ ಅದು ಬೇಸ್. "ದೋಸೆ ಹಿಟ್ಟಿದ್ದ ಹಾಗೆ. ಒಂದ್ ಸಲ ರುಬ್ಬಿ ಇಟ್ರೆ ಮಸಾಲೆನೂ ಹುಯ್ಕೋಬಹುದು, ಸೆಟ್ಟೂ ಹುಯ್ಕೋಬಹುದು" ಎನ್ನುವುದು ರಾಯರ ವ್ಯಾಖ್ಯಾನ. ಮನೆಯಲ್ಲಿ ದೋಸೆಗೆ ಒಂದು ದಿನವೂ ಅಕ್ಕಿ ನೆನೆಹಾಕದವರ ಬಾಯಲ್ಲಿ ಈ ಮಾತು ಕೇಳಿದಾಗ ಅವರ ಹೆಂಡತಿಯ ಮುಖ ನೋಡಬೇಕು.

ಅವರನ್ನು ಈ ದಾರಿಗೆ ಎಳೆದದ್ದು ಕಾನೂನು. ಯುರೋಪಿನ ತಂಬಾಕು ನಿಯಮ 2016ರ ಮೇ ತಿಂಗಳಲ್ಲಿ ಬ್ರಿಟನ್ನಿಗೂ ಬಂತು. ನಿಕೋಟಿನ್ ಇರುವ ದ್ರವವನ್ನು 10 ಮಿಲೀಗಿಂತ ದೊಡ್ಡ ಬಾಟಲಿಯಲ್ಲಿ ಮಾರುವಂತಿಲ್ಲ, ಮಿಲೀಗೆ 20 ಮಿಲಿಗ್ರಾಂ ದಾಟುವಂತಿಲ್ಲ. ಬ್ರಿಟನ್ ಯುರೋಪಿನ ಒಕ್ಕೂಟ ಬಿಟ್ಟು ಬಂತು, ನಿಯಮ ಬಿಟ್ಟು ಹೋಗಲಿಲ್ಲ. ನಿಕೋಟಿನ್ ಇಲ್ಲದ ದ್ರವಕ್ಕೆ ಮಾತ್ರ ಈ ಅಳತೆಯ ಕಾಟವಿಲ್ಲ, ಲೀಟರುಗಟ್ಟಲೆ ಕೊಳ್ಳಬಹುದು. ಹಾಗಾಗಿ ಲೀಟರು ಗ್ಲಿಸರಿನ್ನನ್ನೂ ನಿಕ್ ಶಾಟ್ ಎಂಬ ಪುಟ್ಟ ಪುಟ್ಟ ನಿಕೋಟಿನ್ ಬಾಟಲಿಗಳನ್ನೂ ಬೇರೆಬೇರೆಯಾಗಿ ತಂದು ಮನೆಯಲ್ಲಿ ಮದುವೆ ಮಾಡಿಸುವ ಪುರೋಹಿತರ ಪಡೆಯೇ ಹುಟ್ಟಿಕೊಂಡಿತು.

ರಾಯರ ಲೆಕ್ಕ ಮೊದಲಿಗೆ ಸರಳವಾಗಿತ್ತು. ಒಂದು ಲೀಟರು ಬೇಸಿಗೆ ಮಿಲೀಗೆ 3 ಮಿಲಿಗ್ರಾಮಿನ ಹದ ಬರಲು 20ರ ಬಾಟಲಿ ಹದಿನೈದು ಬೇಕು. ಮಾಡಿದರು. ಆಮೇಲೆ ಹೊಳೆಯಿತು: ಇದಕ್ಕೆ ಶೇ 15ರಷ್ಟು ಪರಿಮಳ ಸುರಿದರೆ ಹದ ಎರಡೂವರೆಗೆ ಇಳಿಯುತ್ತದಲ್ಲ! ಆ ರಾತ್ರಿ ನಿದ್ದೆ ಇಲ್ಲ. ಮೂರೂವರೆಗೆ ಮಾಡಿಟ್ಟರೆ ಪರಿಮಳ ಹಾಕಿದ ಮೇಲೆ ಸರಿಸುಮಾರು ಮೂರಕ್ಕೆ ಬಂದು ನಿಲ್ಲುತ್ತದೆ. ಆದರೆ ಅದಕ್ಕೆ ಹದಿನೇಳೂವರೆ ಬಾಟಲಿ ಬೇಕು. ಉಳಿದ ಅರ್ಧ ಬಾಟಲಿಯನ್ನು ಏನು ಮಾಡುವುದು? ನಾವು ನೀವಾದರೆ ಮುಚ್ಚಳ ಹಾಕಿ ಬದಿಗಿಡುತ್ತಿದ್ದೆವು. ರಾಯರು ಎರಡು ಲೀಟರು ಮಾಡಿದರು, ಮೂವತ್ತೈದು ಬಾಟಲಿ, ಅರ್ಧದ ರಗಳೆಯೇ ಇಲ್ಲ. ದಿನಕ್ಕೆ 5 ಮಿಲೀ ಸೇದುವ ಮನುಷ್ಯನಿಗೆ ಅದು ಪರಿಮಳ ಸೇರಿದರೆ ಒಂದೂಕಾಲು ವರ್ಷದ ದಾಸ್ತಾನು. ಮುಂದಿನ ತಿಂಗಳು ಮತ್ತೆ ಎರಡು ಲೀಟರು ಮಾಡಿದರು, ಯಾಕೆಂದರೆ ಗ್ಲಿಸರಿನ್ ಡಿಸ್ಕೌಂಟಿನಲ್ಲಿತ್ತು.

ಬೇಸ್ ಮಾಡುವುದು ಭಾನುವಾರ ಬೆಳಿಗ್ಗೆ, ಹೆಂಡತಿ ಮಗಳನ್ನು ಕನ್ನಡ ತರಗತಿಗೆ ಕರೆದುಕೊಂಡು ಹೋದ ಮೇಲೆ. ಅಡುಗೆಮನೆ ಕಟ್ಟೆಯ ಮೇಲೆ ಹಳೆಯ ಟವೆಲು, ಅದರ ಮೇಲೆ ಗ್ರಾಮಿನ ನೂರನೇ ಭಾಗವನ್ನೂ ತೋರಿಸುವ ತಕ್ಕಡಿ. ಕೈಗೆ ನೀಲಿ ಗ್ಲೌಸು. ಅಳತೆ ಮಿಲೀಯಲ್ಲಿ ಅಲ್ಲ, ತೂಕದಲ್ಲಿ. ಒಂದು ಮಿಲೀ ಗ್ಲಿಸರಿನ್ 1.26 ಗ್ರಾಂ, ಗ್ಲೈಕಾಲ್ 1.04 ಎಂಬುದು ಅವರಿಗೆ ಮಗಳ ಹುಟ್ಟಿದ ದಿನಕ್ಕಿಂತ ಚೆನ್ನಾಗಿ ಬಾಯಿಪಾಠ. ಚಳಿಗಾಲದಲ್ಲಿ ಗ್ಲಿಸರಿನ್ ಕ್ಯಾನನ್ನು ತಲೆಕೆಳಗು ಮಾಡಿದರೂ ಇಳಿಯಲು ಮನಸ್ಸು ಮಾಡುವುದಿಲ್ಲ. ಅದನ್ನು ಬಿಸಿನೀರಿನ ಪಾತ್ರೆಯಲ್ಲಿ ಕೂರಿಸಿ, ಹಸುಗೂಸಿಗೆ ಎಣ್ಣೆನೀರು ಹಾಕುವಷ್ಟು ಜತನದಿಂದ ಮೈ ಬೆಚ್ಚಗೆ ಮಾಡುತ್ತಾರೆ. ಮುಂದಿನದು ಮೂವತ್ತೈದು ಮುಚ್ಚಳಗಳ ಸರದಿ. ಮಕ್ಕಳು ತೆಗೆಯಬಾರದೆಂದು ಒತ್ತಿ ತಿರುಗಿಸುವಂತೆ ಮಾಡಿದ ಮುಚ್ಚಳ ಅವು. ಹತ್ತನೆಯದರ ಹೊತ್ತಿಗೆ ಹೆಬ್ಬೆರಳು ಕೆಂಪು, ಇಪ್ಪತ್ತರ ಹೊತ್ತಿಗೆ ಬಾಯಲ್ಲಿ ಬ್ರಸೆಲ್ಸಿನವರ ವಂಶಾವಳಿ. ಕೊನೆಯ ಹನಿ ಬಿದ್ದಾಗ ತಕ್ಕಡಿ ಬಿಂದುವಿನ ಆಚೆ ಎರಡು ಸೊನ್ನೆ ತೋರಿಸಿದರೆ ರಾಯರು ಒಬ್ಬರೇ ಚಪ್ಪಾಳೆ ತಟ್ಟುತ್ತಾರೆ. ಇದೇ ಮನುಷ್ಯನನ್ನು "ರೀ, ಉಪ್ಪಿಟ್ಟಿಗೆ ಎಷ್ಟು ನೀರಿಡ್ತೀರಿ?" ಎಂದು ಕೇಳಿ ನೋಡಿ, "ಅಂದಾಜಲ್ಲಿ ಇಡೋದಪ್ಪ" ಎನ್ನುತ್ತಾರೆ.

ಒಮ್ಮೆ ಈ ಯಜ್ಞದ ನಡುವೆ ಮೈಸೂರಿನಿಂದ ಅಮ್ಮನ ವಿಡಿಯೋ ಕಾಲ್ ಬಂತು.

"ಏನೋ ಅದು, ಇಷ್ಟ್ ದೊಡ್ಡ ಕ್ಯಾನು?"

"ಗ್ಲಿಸರಿನ್ ಅಮ್ಮಾ."

"ಅಯ್ಯೋ, ಅಷ್ಟೊಂದ್ ಬಾಯಿಹುಣ್ಣಾಗಿದ್ಯೇನೋ? ಮಜ್ಜಿಗೆ ಜಾಸ್ತಿ ಕುಡಿ."

ಅಂದಿನಿಂದ ಅವರ ಅಮ್ಮ ನೆಂಟರಿಷ್ಟರಿಗೆಲ್ಲ ಮಗನಿಗೆ ಫಾರಿನ್ನಿನ ನೀರು ಒಗ್ಗಿಲ್ಲ ಎಂದು ಹೇಳಿಕೊಂಡು ಬರುತ್ತಿದ್ದಾರೆ. ರಾಯರು ತಿದ್ದಿಲ್ಲ.

ನಿಕೋಟಿನ್‌ಗೆ ಬೆಳಕು, ಬಿಸಿ, ಗಾಳಿ ಮೂರೂ ಆಗದು. ಹೊರಗಿಟ್ಟರೆ ದಿನ ಕಳೆದಂತೆ ಬಣ್ಣ ಗಾಢವಾಗುತ್ತದೆ, ಗಂಟಲಿಗೆ ಖಾರವಾಗುತ್ತದೆ. ಅದಕ್ಕೆ ಫ್ರಿಜ್ಜು ಬೇಕು. ಹಾಗಲಕಾಯಿಯ ಪಕ್ಕದಲ್ಲಿ ವಿಷ ಇಡಲು ಹೆಂಡತಿ ಒಪ್ಪಲಿಲ್ಲ, ಅವರ ಮಾತು ಸರಿಯೇ. ಚರ್ಮಕ್ಕೆ ತಾಕಿದರೂ ಒಳಗಿಳಿಯುವ ವಸ್ತು ಅದು, ಮಕ್ಕಳ ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಕುತ್ತು. ರಾಯರು ಗರಾಜಿಗೆ ಬೇರೆ ಫ್ರಿಜ್ಜು ತಂದು ಬೀಗ ಹಾಕಿಸಿದರು. ಪ್ರತಿ ಬಾಟಲಿಯ ಮೇಲೂ ತಾರೀಕು, ಹದ, ಕೆಳಗೆ ಕನ್ನಡದಲ್ಲಿ 'ವಿಷ, ಮುಟ್ಟಬೇಡಿ'. ನನಗೆ ತಿಳಿದಂತೆ ಬಕಿಂಗ್‌ಹ್ಯಾಮ್‌ಶೈರಿನಲ್ಲಿ ಆಡಳಿತ ಭಾಷೆಯಾಗಿ ಕನ್ನಡ ಜಾರಿಯಲ್ಲಿರುವ ಜಾಗ ಅದೊಂದೇ. ಮಗಳು ಇನ್ನೂ ಒತ್ತಕ್ಷರಕ್ಕೆ ಬಂದಿಲ್ಲವಾದ್ದರಿಂದ ಪಕ್ಕದಲ್ಲೊಂದು ತಲೆಬುರುಡೆಯ ಚಿತ್ರವೂ ಇದೆ.

ಈ ತಯಾರಿಯಿಂದ ಉಳಿತಾಯ ಎಷ್ಟು ಎಂಬುದಕ್ಕೆ ಅವರ ಬಳಿ ಎಕ್ಸೆಲ್ ಹಾಳೆ ಇದೆ. ಅಂಗಡಿಯ 10 ಮಿಲೀಗೆ ಮೂರು ನಾಲ್ಕು ಪೌಂಡು, ಮನೆಯದಕ್ಕೆ ಪೆನ್ಸಿನ ಲೆಕ್ಕ. ಆ ಹಾಳೆಯಲ್ಲಿ ತಕ್ಕಡಿ ಇಲ್ಲ, ತಾನೇ ಕಲಕುವ ಅಯಸ್ಕಾಂತದ ಯಂತ್ರ ಇಲ್ಲ, ಕಂದು ಗಾಜಿನ ಬಾಟಲಿಗಳಿಲ್ಲ, ಗರಾಜಿನ ಫ್ರಿಜ್ಜೂ ಇಲ್ಲ. ಕೇಳಿದರೆ "ಅದೆಲ್ಲ ಬಂಡವಾಳ ಸಾರ್, ಖರ್ಚಲ್ಲ."

2024ರ ಬಜೆಟ್ಟಿನಲ್ಲಿ ಸರ್ಕಾರ ಇನ್ನೊಂದು ಬಾಂಬು ಹಾಕಿತು: 2026ರ ಅಕ್ಟೋಬರ್ 1ರಿಂದ ವೇಪ್ ದ್ರವಕ್ಕೆ, ನಿಕೋಟಿನ್ ಇರಲಿ ಬಿಡಲಿ, 10 ಮಿಲೀಗೆ 2.20 ಪೌಂಡು ಸುಂಕ. ಲೀಟರಿಗೆ 220 ಪೌಂಡು! ಸಿಗರೇಟು ಬಿಡಿಸಿದ ಗುಣಾಕಾರವೇ ತಿರುಗಿ ಬಂದು ಕಾಡಿತು. ಕೋವಿಡ್ಡಿನಲ್ಲಿ ಊರೆಲ್ಲ ಟಾಯ್ಲೆಟ್ ಪೇಪರ್ ಕೂಡಿಹಾಕುವಾಗ ನಕ್ಕಿದ್ದ ರಾಯರು ಈಗ ಸೈಕಲ್ಲನ್ನು ಮಳೆಗೆ ಬಿಟ್ಟು ಗರಾಜಿನಲ್ಲಿ ಕ್ಯಾನುಗಳಿಗೆ ಜಾಗ ಮಾಡಿದ್ದಾರೆ.

ಇಷ್ಟಾದ ಮೇಲೆ ಪರಿಮಳದ ವಿಷಯ. ಅಲ್ಲೇ ಇರುವುದು ಸ್ವಾರಸ್ಯ. ಮೈಸೂರು ಪಾಕಿನ ರುಚಿ ತರಿಸುತ್ತೇನೆಂದು ಕ್ಯಾರಮೆಲ್, ಕಸ್ಟರ್ಡ್, ಏಲಕ್ಕಿಯ ಎಸೆನ್ಸುಗಳನ್ನು ಹನಿ ಎಣಿಸಿ ಹಾಕಿದರು. ಗೆಳೆಯರೊಬ್ಬರು "ಒಂದ್ ಹನಿ ತುಪ್ಪಾನೇ ಹಾಕ್ಬಿಡಿ" ಎಂದದ್ದಕ್ಕೆ ಅರ್ಧ ಗಂಟೆ ಉಪನ್ಯಾಸವಾಯಿತು: ಜಿಡ್ಡು ಶ್ವಾಸಕೋಶಕ್ಕೆ ಇಳಿಯಲೇಕೂಡದು, 2019ರಲ್ಲಿ ಅಮೆರಿಕದಲ್ಲಿ ಜನ ಆಸ್ಪತ್ರೆ ಸೇರಿ ಸತ್ತದ್ದಕ್ಕೆ ಗಾಂಜಾ ಕಾರ್ಟ್ರಿಜ್ಜುಗಳಲ್ಲಿ ಬೆರೆಸಿದ್ದ ವಿಟಮಿನ್ ಇ ಅಸಿಟೇಟೇ ಮುಖ್ಯ ಕಾರಣ ಎಂದರು. ಉಪನ್ಯಾಸ ಸರಿಯಾಗಿಯೇ ಇತ್ತು, ಸಾರು ಆರಿತ್ತು. ಕಸ್ಟರ್ಡಿನ ಜಾತಿಯವು ಹದಕ್ಕೆ ಬರಲು ವಾರಗಟ್ಟಲೆ ಕತ್ತಲಲ್ಲಿ ಕೂರಬೇಕಂತೆ. ಕೂತಿತು. ತೆರೆದರೆ ತಳ ಹಿಡಿದ ಪಾಯಸದ ವಾಸನೆ. ಮತ್ತೆ ಹೊಸ ಪ್ರಯೋಗ, ಮತ್ತೆ ಕಾಯುವುದು. ಅಲ್ಲಿಯವರೆಗೆ ಯಂತ್ರಕ್ಕೆ ಏನು ಸುರಿಯುವುದು? ಬರೀ ಬೇಸ್. ಹಿತ್ತಿಲಲ್ಲಿ ನಿಂತು ಅವರು ಬಿಡುವ ಆ ಬಿಳಿ ಆವಿಗೆ ಯಾವ ರುಚಿಯೂ ಇಲ್ಲ, ಯಾವ ಪರಿಮಳವೂ ಇಲ್ಲ. ಫ್ಲೇವರ್ ಯಾವುದೆಂದು ಕೇಳಿದರೆ ಮಾತು ಮರೆಸುವುದು ಇದಕ್ಕೇ.

ಊರಿಗೆ ಹೋಗುವಾಗ ಇದ್ಯಾವುದನ್ನೂ ಒಯ್ಯುವಂತಿಲ್ಲ. ಇ-ಸಿಗರೇಟಿನ ತಯಾರಿಕೆ, ಮಾರಾಟ, ಆಮದು, ದಾಸ್ತಾನು ಎಲ್ಲವನ್ನೂ ಭಾರತ 2019ರಲ್ಲೇ ನಿಷೇಧಿಸಿದೆ. ದಾಸ್ತಾನಿಟ್ಟವರಿಗೆ ಆರು ತಿಂಗಳವರೆಗೆ ಜೈಲೋ, 50,000 ರೂಪಾಯಿವರೆಗೆ ದಂಡವೋ, ಎರಡೂ ಸೇರಿಯೋ ಆಗಬಹುದು. ರಾಯರ ಗರಾಜು ಮೈಸೂರಿನಲ್ಲಿದ್ದಿದ್ದರೆ ಏನು ಗತಿ ಎಂದು ಯೋಚಿಸಿದರೆ ನನಗೇ ಬೆವರುತ್ತದೆ. ಹೋದ ಸಲ ರಜೆಯಿಡೀ ಅವರು ಒಂದು ದಮ್ಮೂ ಎಳೆಯಲಿಲ್ಲ. ಕೈ ನಡುಗಲಿಲ್ಲ, ಸಿಡುಕಲಿಲ್ಲ, ಪೆಟ್ಟಿಗೆ ಅಂಗಡಿಯ ಕಡೆ ತಿರುಗಿಯೂ ನೋಡಲಿಲ್ಲ. ಆದರೆ ಎರಡನೇ ದಿನವೇ ಪೇಟೆಗೆ ಹೋಗಿ ಒಂದು ಪುಟ್ಟ ಡಿಜಿಟಲ್ ತಕ್ಕಡಿ ತಂದರು. ಅಮ್ಮ ಸಾರಿನ ಪುಡಿಗೆ ಹುರಿಯುತ್ತಿದ್ದ ಕಡೆ ಹೋಗಿ ಕುಳಿತರು.

"ಅಮ್ಮಾ, ಕೊತ್ತಂಬರಿ ಬೀಜ ಒಂದ್ ಹಿಡಿ ಅಂದ್ಯಲ್ಲ, ಅದು ಎಷ್ಟು ಗ್ರಾಂ?"

"ಯಾರ ಹಿಡಿ ಅಂತ ಮೊದ್ಲು ಕೇಳೋ."

ಅಮ್ಮನ ಹಿಡಿಯನ್ನು ತೂಗಿದರು. ಮತ್ತೆ ತೂಗಿದರು. ಮೂರನೇ ಸಲ ಅಮ್ಮ ಸೌಟು ತೆಗೆದುಕೊಂಡರಂತೆ. ವಾಪಸು ಬರುವಾಗ ಸೂಟ್‌ಕೇಸಿನಲ್ಲಿ ಐದು ಕಿಲೋ ಸಾರಿನ ಪುಡಿ, ಅರ್ಧ ಕಿಲೋದ ಪೊಟ್ಟಣಗಳು, ಒಂದೊಂದರ ಮೇಲೂ ತಾರೀಕು.

ಆದ್ದರಿಂದ ನನ್ನ ತೀರ್ಪು ಇಷ್ಟು: ರಾಯರು ಸೇದುವವರೇ ಅಲ್ಲ, ಮಾಡಿಡುವವರು. ನಿಕೋಟಿನ್ ಬಿಟ್ಟರೂ ಬಿಟ್ಟಾರು, ಕೂಡಿಡುವುದನ್ನು ಬಿಡಲಾರರು. ಈ ಚಟ ಇಲ್ಲದವರು ಅವರ ಮಾತು ಕೇಳಿ ಹೊಸದಾಗಿ ಹಿಡಿಯಬೇಡಿ. ಇನ್ನು ಅವರ ಮನೆಗೆ ಊಟಕ್ಕೆ ಹೋದಾಗ ನೀರಡಿಕೆಯಾದರೆ ದಯವಿಟ್ಟು ಬಾಯಿಬಿಟ್ಟು ಕೇಳಿ. ಗರಾಜಿನ ಕಡೆ ಮಾತ್ರ ಹೋಗಬೇಡಿ.