ಫರಸಿಗೆ ಆಸಿಡ್ ಬೇಡ ಮಾರಾಯ್ತಿ

ಪಕ್ಕದ ವಿಲ್ಲಾದವಳ ಊರು ಕಲಬುರಗಿ ಕಡೆ, ನನ್ನದು ಉಡುಪಿ. ನಡುವೆ ಎದೆಮಟ್ಟದ ಒಂದು ಕಂಪೌಂಡು ಗೋಡೆ. ಬಹರೈನಿನಲ್ಲಿ ಹೊರಗೆ ನಿಂತು ಮಾತಾಡಬಹುದಾದ ತಿಂಗಳುಗಳು ನಾಲ್ಕೋ ಐದೋ. ಆ ತಿಂಗಳುಗಳ ಸಂಜೆ ಗೋಡೆಯ ಮೇಲೆ ಎರಡು ಚಹಾ ಲೋಟ ಇದ್ದೇ ಇರುತ್ತವೆ. ಮೊನ್ನೆ ಬಂದವಳೇ ಸುದ್ದಿ ತೆಗೆದಳು: "ಅಕ್ಕಾರ, ಊರಾಗ ನಮ್ಮ ಮಾವನವರ ವಾಡೇದ ರಿಪೇರಿ ಹಚ್ಚೀವ್ರಿ. ಫರಸಿಗೆ ಆಸಿಡ್ ಹಾಕಿ ತಿಕ್ಕಿಸ್ತೀನಿ, ಕನ್ನಡಿಯಂಗ ಆಗ್ತದ ಅಂತಾನ ಕಂಟ್ರಾಕ್ಟರ. ಗ್ವಾಡಿಗೆ ಸಿಮೆಂಟ್ ಪ್ಲಾಸ್ಟರ್ ಅಂತ."

"ಬೇಡ ಮಾರಾಯ್ತಿ. ಎರಡೂ ಬೇಡ" ಎಂದೆ.

ಅವರ ಕಡೆ ನೆಲಕ್ಕೆ ಹಾಸುವ ಶಹಾಬಾದ್ ಫರಸಿ ಅಂದರೆ ಸುಣ್ಣದಕಲ್ಲು. ಅದರ ಮೇಲೆ ಆಸಿಡ್ ಬಿದ್ದ ಕೂಡಲೇ ಬುಸಬುಸ ನೊರೆ ಏಳುತ್ತದೆ. ನೋಡುವವರಿಗೆ ಕೊಳೆ ಕಿತ್ತು ಬರುತ್ತಿದೆ ಅನಿಸುತ್ತದೆ. ಕೊಳೆಯೂ ಹೋಗುತ್ತದೆ ಬಿಡಿ, ಆದರೆ ಆ ನೊರೆ ಕಲ್ಲಿನದು. ಕಲ್ಲೇ ಕರಗಿ ಗಾಳಿಯಾಗಿ ಹೋಗುತ್ತಿರುತ್ತದೆ. ಮೂರು ನಾಲ್ಕು ತಲೆಮಾರಿನ ಕಾಲು ಸವೆದು ಸವೆದು ಆ ಕಲ್ಲಿಗೆ ಒಂದು ನುಣುಪು ಬಂದಿರುತ್ತದಲ್ಲ, ಮೊದಲು ಹೋಗುವುದು ಅದು. ಆಮೇಲೆ ಕಲ್ಲಿನ ರಂಧ್ರ ಬಾಯಿಬಿಡುತ್ತದೆ. ಅರಸಿನ ಬಿದ್ದರೂ ಒಳಗೆ, ಎಣ್ಣೆ ಬಿದ್ದರೂ ಒಳಗೆ. ಆರು ತಿಂಗಳಲ್ಲಿ ಮೊದಲಿಗಿಂತ ಕೊಳಕು ಕಾಣುತ್ತದೆ, ಆಗ ಮತ್ತೆ ಆಸಿಡ್. ನಂಬಿಕೆ ಬಾರದಿದ್ದರೆ ಹಿತ್ತಲ ಕಡೆಯ ಒಂದು ಫರಸಿಯ ಮೂಲೆಯಲ್ಲಿ ಲಿಂಬೆಹೋಳು ಹಿಂಡಿ ಹತ್ತು ನಿಮಿಷ ಬಿಟ್ಟು ಒರೆಸಲಿಕ್ಕೆ ಹೇಳು. ಅಲ್ಲಿ ಕಲ್ಲು ಮಂಕಾಗಿರುತ್ತದೆ. ಲಿಂಬೆಹುಳಿಗೇ ಹೀಗಾದರೆ ಕಕ್ಕಸು ತೊಳೆಯುವ ಆಸಿಡ್‌ಗೆ ಇನ್ನೆಷ್ಟು!

"ಹಂಗಾದ್ರ ಏನ್ ಮಾಡೂದ್ರಿ? ಸಿಮೆಂಟ್ ಯಾಕ ಬ್ಯಾಡ? ಸಿಮೆಂಟ್ ಗಟ್ಟಿ ಅಲ್ರಿ?"

ಗಟ್ಟಿಯೇ. ತೊಂದರೆ ಇರುವುದೇ ಅಲ್ಲಿ. ಇದನ್ನು ಕಣ್ಣಾರೆ ನೋಡಬೇಕೆಂದರೆ ಊರಿಗೆ ಹೋಗಬೇಕಿಲ್ಲ, ಸೇತುವೆ ದಾಟಿ ಮುಹರ್ರಕ್‌ಗೆ ಬಂದರೆ ಸಾಕು. ವಿಮಾನ ನಿಲ್ದಾಣಕ್ಕೆ ಹೋಗುವಾಗಷ್ಟೇ ಮುಹರ್ರಕ್ ನೋಡುವವರು ನಮ್ಮವರಲ್ಲಿ ಹೆಚ್ಚು. ಒಂದು ಶುಕ್ರವಾರ ಬೆಳಿಗ್ಗೆ ಅಲ್ಲಿನ ಓಣಿಗಳಲ್ಲಿ ಕಾಲ್ನಡಿಗೆಯಲ್ಲಿ ಸುತ್ತಿದರೆ ಕಲ್ಲುಮನೆಯ ಕಷ್ಟಸುಖವೆಲ್ಲ ತಾನೇ ಅರ್ಥವಾಗುತ್ತದೆ.

ಮುಹರ್ರಕ್‌ನ ಹಳೆಯ ಮನೆಗಳ ಕಲ್ಲು ಬೆಟ್ಟದಿಂದ ಬಂದದ್ದಲ್ಲ, ಸಮುದ್ರದಿಂದ ಎತ್ತಿದ್ದು. ನೀರು ಇಳಿದಾಗ ಆಳವಿಲ್ಲದ ಕಡಲಿನಿಂದ ಹವಳದ ಕಲ್ಲು ಕಿತ್ತು ತಂದು, ಒಣಗಿಸಿ ಕಟ್ಟುತ್ತಿದ್ದರು. ಗಾರೆ ಮೆತ್ತದ ಕಡೆ ಗೋಡೆಗೆ ಮುಖವಿಟ್ಟು ನೋಡಿದರೆ ಕಲ್ಲಿನ ತುಂಬ ಸಣ್ಣ ಸಣ್ಣ ನಕ್ಷತ್ರದಂಥ ಗುರುತುಗಳು. ಒಂದೊಂದೂ ಒಂದು ಹವಳದ ಹುಳು ಕೂತಿದ್ದ ಗೂಡು. ಕೈಯಲ್ಲಿ ಎತ್ತಿದರೆ ಗಾತ್ರಕ್ಕೆ ತಕ್ಕ ಭಾರವಿಲ್ಲ, ಅಷ್ಟು ತೂತು. ಆ ತೂತಿನಲ್ಲಿ ಗಾಳಿ ನಿಲ್ಲುವುದರಿಂದಲೇ ಹೊರಗಿನ ಬಿಸಿ ಒಳಗೆ ಬೇಗ ಇಳಿಯುವುದಿಲ್ಲ. ಗೋಡೆಯನ್ನೂ ಇಡಿಯಾಗಿ ಕಟ್ಟುತ್ತಿರಲಿಲ್ಲ. ಸಾಲಾಗಿ ಕಂಬ ಎಬ್ಬಿಸಿ, ಕಂಬದ ನಡುವೆ ಕೆಲವೇ ಅಂಗುಲ ದಪ್ಪದ ಹವಳದ ಚಪ್ಪಡಿ ನಿಲ್ಲಿಸುತ್ತಿದ್ದರು. ಭಾರವೆಲ್ಲ ಕಂಬದ ಮೇಲೆ. ಕಡಿಮೆ ಕಲ್ಲಿನಲ್ಲಿ ಹೆಚ್ಚು ಮನೆ.

ಕಲ್ಲಿಗೆ ಕಲ್ಲು ಅಂಟಿಸಲು ನಮ್ಮ ಹಾಗೆ ಸುಣ್ಣದ ಗಾರೆಯಲ್ಲ, ಇಲ್ಲಿಯವರು ಜುಸ್ ಎನ್ನುವ ಜಿಪ್ಸಂ. ಅದರ ಹಿಂದಿನ ಲೆಕ್ಕ ನನಗೆ ಬಹಳ ಇಷ್ಟ. ಸುಣ್ಣ ಸುಡಬೇಕಾದರೆ ಭಟ್ಟಿಗೆ 900 ಡಿಗ್ರಿ ಹತ್ತಿರ ಕಾವು ಬೇಕು. ಜಿಪ್ಸಂಗೆ 150ರ ಆಸುಪಾಸು ಸಾಕು. ಕಾಡೇ ಇಲ್ಲದ ದ್ವೀಪದಲ್ಲಿ ಸೌದೆ ಎಲ್ಲಿಂದ ತರುವುದು? ಜಿಪ್ಸಂ ನೀರಿಗೆ ಸ್ವಲ್ಪ ಕರಗುವ ವಸ್ತು, ನಮ್ಮ ಉಡುಪಿಯ ಒಂದು ಮಳೆಗಾಲಕ್ಕೇ ತೊಳೆದು ಹೋದೀತು. ಆದರೆ ಇಲ್ಲಿ ಇಡೀ ವರ್ಷಕ್ಕೆ 100 ಮಿಲಿಮೀಟರ್ ಮಳೆಯೂ ಇಲ್ಲ. ನಮ್ಮಲ್ಲಿ 4000 ಮುಟ್ಟುತ್ತದೆ. ಊರಿಗೆ ತಕ್ಕ ಗಾರೆ. ಹಸಿಯಿರುವಾಗಲೇ ಜಿಪ್ಸಂ ಕೆತ್ತಿ ಮಾಡಿದ ಜಾಲಂದರಗಳನ್ನು, ಹೂಬಳ್ಳಿಗಳನ್ನು ಸಿಯಾದಿ ಮನೆಯಲ್ಲಿ ನೋಡಬೇಕು. ಸಿಯಾದಿಗಳು ಮುತ್ತಿನ ವ್ಯಾಪಾರಿಗಳು. ಅವರ ಮನೆ, ಅತಿಥಿಗಳು ಕೂರುವ ಮಜ್ಲಿಸ್, 1865ರ ಮಸೀದಿ, ಮೂರೂ ಒಂದರ ಪಕ್ಕ ಒಂದಿವೆ.

ಮಾಡಿನ ವಿಷಯ ಹೇಳಹೊರಟಾಗ ಅವಳೇ ಕಣ್ಣರಳಿಸಿದಳು. ಆಫ್ರಿಕಾದ ಪೂರ್ವ ಕರಾವಳಿಯಿಂದ ಹಾಯಿಹಡಗಿನಲ್ಲಿ ಬಂದ ಕಾಂಡ್ಲಾ ಮರದ ಗಳುಗಳು, ಅದರ ಮೇಲೆ ನಮ್ಮ ದೇಶದಿಂದ ಹೋದ ಬಿದಿರಿನ ಸೀಳು, ಅದರ ಮೇಲೆ ಹೆಣೆದ ಚಾಪೆ, ಎಲ್ಲಕ್ಕೂ ಮೇಲೆ ಮಣ್ಣು. ಗಳುವಿನ ಉದ್ದ ಸಾಮಾನ್ಯ ಮೂರು ಮೀಟರ್ ಚಿಲ್ಲರೆ. ಆದ್ದರಿಂದಲೇ ಹಳೆಯ ಕೋಣೆಗಳೆಲ್ಲ ಉದ್ದಕ್ಕೆ ಎಷ್ಟೇ ಇರಲಿ, ಅಗಲಕ್ಕೆ ಅಷ್ಟೇ. "ಅಯ್ಯ, ಇದು ನಮ್ಮ ಮಾಳಿಗಿ ಮನಿನೇ ಆತಲ್ರಿ! ತೊಲಿ, ಜಂತಿ, ಮ್ಯಾಲ ಮಣ್ಣು. ನಮ್ಮ ಅತ್ತಿ ಮಳಿಗಾಲಕ್ಕ ಮೊದಲ ಮಾಳಿಗಿ ಮ್ಯಾಲ ಹೊಸ ಮಣ್ಣು ಹಾಕಿಸ್ತಿದ್ರು. ಒಂದು ವರ್ಷ ಬಿಟ್ರ ಸೋರ್ತಿತ್ತು" ಎಂದಳು.

ಅದೇ ಮಾತು. ಆ ಮನೆಗಳು ಒಮ್ಮೆ ಕಟ್ಟಿ ಮರೆಯುವಂಥವಲ್ಲ, ವರ್ಷವರ್ಷ ಕೈಯಾಡಿಸಬೇಕು. ಕೈಯಾಡಿಸುವವರು ಹೋದದ್ದು ಹೇಗೆಂದರೆ, 1920, 30ರ ದಶಕಗಳಲ್ಲಿ ಜಪಾನಿನ ಸಾಕಿದ ಮುತ್ತು ಪೇಟೆಗೆ ಬಂತು, ಅದರ ಬೆನ್ನಿಗೆ ಜಗತ್ತಿನ ವ್ಯಾಪಾರವೇ ನೆಲಕಚ್ಚಿತು, ಇಲ್ಲಿನ ಮುತ್ತಿನ ಕಸುಬು ಮುಳುಗಿತು. 1932ರಲ್ಲಿ ಜೆಬೆಲ್ ದುಖಾನ್‌ನಲ್ಲಿ ಎಣ್ಣೆ ಸಿಕ್ಕಿತು. ದುಡ್ಡು ಬಂದ ಮೇಲೆ ಜನ ಹೊಸ ಬಡಾವಣೆಗಳಿಗೆ ಹೋದರು, ಹಳೆಯ ಮನೆಗಳು ಬಾಡಿಗೆಗೆ ಬಿದ್ದವು. ಬಿರುಕು ಕಂಡಲ್ಲೆಲ್ಲ ಸಿಮೆಂಟ್ ಬಳಿಯುವುದು ಶುರುವಾಯಿತು.

ಸಮುದ್ರದ ಕಲ್ಲೆಂದರೆ ಹುಟ್ಟುವಾಗಲೇ ಉಪ್ಪು ತುಂಬಿಕೊಂಡ ಕಲ್ಲು. ಜೊತೆಗೆ ಕೆಳಗಿನಿಂದ ಉಪ್ಪುನೀರಿನ ತೇವ ಗೋಡೆಗೆ ಏರುತ್ತಲೇ ಇರುತ್ತದೆ. ಮೊದಲಿನ ಜಿಪ್ಸಂ ಗಾರೆಯ ಗೋಡೆಯಲ್ಲಿ ಆ ತೇವ ಮೈಯೆಲ್ಲ ಆರಿ ಹೋಗುತ್ತಿತ್ತು, ಉಪ್ಪು ಹೊರಮೈಗೆ ಬಂದು ಬಿಳಿಯಾಗಿ ಹೂಬಿಡುತ್ತಿತ್ತು, ಪೊರಕೆಯಲ್ಲಿ ಗುಡಿಸಿದರೆ ಮುಗಿಯಿತು. ಮೇಲಿನ ಗಾರೆ ಉದುರಿದರೆ ಮತ್ತೆ ಮೆತ್ತುತ್ತಿದ್ದರು. ಗಾರೆ ಸತ್ತು ಕಲ್ಲನ್ನು ಉಳಿಸುತ್ತಿತ್ತು. ಈಗ ಸಿಮೆಂಟ್ ಬಳಿದರೆ? ಜೂನ್ ತಿಂಗಳ ಮನಾಮ ಬಿಸಿಲಿನಲ್ಲಿ ಮನುಷ್ಯನಿಗೆ ರೈನ್‌ಕೋಟ್ ತೊಡಿಸಿ ನಿಲ್ಲಿಸಿದ ಹಾಗೆ. ತೇವಕ್ಕೆ ಹೊರಗೆ ದಾರಿಯಿಲ್ಲ, ಇನ್ನೂ ಮೇಲಕ್ಕೆ ಏರುತ್ತದೆ. ಉಪ್ಪು ಸಿಮೆಂಟಿನ ಬೆನ್ನಿಗೆ, ಕಲ್ಲಿನ ಒಳಗೇ ಹರಳು ಕಟ್ಟುತ್ತದೆ. ಹರಳು ಬೆಳೆಯುವಾಗ ಕಲ್ಲಿನ ರಂಧ್ರವನ್ನೇ ಒಡೆದುಕೊಂಡು ಬೆಳೆಯುತ್ತದೆ. ಹೊರಗಿನಿಂದ ಗೋಡೆ ಗಟ್ಟಿಮುಟ್ಟು, ಒಳಗೆ ಕಲ್ಲು ಹಿಟ್ಟು. ಓಣಿಯಲ್ಲಿ ಒಂದು ಕಡೆ ಸಿಮೆಂಟಿನ ಹಕ್ಕಳೆ ಇಡಿಯಾಗಿ ಕಳಚಿ ಬಿದ್ದಿತ್ತು. ಅದರ ಹಿಂದಿನ ಕಲ್ಲಿಗೆ ಬೆರಳು ತಾಗಿಸಿದರೆ ಸಕ್ಕರೆಯಂತೆ ಸುರಿಯುತ್ತಿತ್ತು. ಹಕ್ಕಳೆ ಮಾತ್ರ ಹೊಸದರಂತೆ ಇತ್ತು.

ಇನ್ನೊಂದು ಕೇಡೂ ಉಂಟು, ಇದು ಹೆಚ್ಚಿನವರಿಗೆ ಗೊತ್ತಿಲ್ಲ. ಜಿಪ್ಸಂ ಮತ್ತು ಸಿಮೆಂಟಿಗೆ ತೇವ ತಾಗಿದರೆ ಒಂದಕ್ಕೊಂದು ಕೂಡಿ ಹೊಸ ಹರಳು ಹುಟ್ಟುತ್ತದೆ. ಅದು ಹಿಗ್ಗುತ್ತದೆ, ಹಿಗ್ಗಿ ಸಂದುಗಳನ್ನು ಸೀಳುತ್ತದೆ. ಅಂದರೆ ಹಳೆಯ ಜುಸ್ ಗೋಡೆಗೆ ಸಿಮೆಂಟ್ ಬಳಿದವರು ತಮ್ಮ ಕೈಯಾರೆ ಬಿರುಕನ್ನೂ ಒಳಗಿಟ್ಟೇ ಬಳಿದಂತೆ.

"ನಮ್ಮ ವಾಡೇದಾಗ ಜಿಪ್ಸಂ ಇಲ್ರಿ, ಗಚ್ಚು ಐತಿ" ಎಂದಳು. ಸರಿ, ಗಚ್ಚೆಂದರೆ ಸುಣ್ಣ. ಆ ಎರಡನೆಯ ಕೇಡು ನಿಮಗಿಲ್ಲ. ಮೊದಲನೆಯದು ಖಂಡಿತ ಇದೆ. ಗೋಡೆಯ ಬುಡದಲ್ಲಿ ಸವಳು ಹತ್ತಿದೆಯಾ ಎಂದು ಕೇಳಿದೆ. ಹತ್ತಿದೆಯಂತೆ, ಮೊಳಕಾಲಿನ ಮಟ್ಟಕ್ಕೆ. ಕಂಟ್ರಾಕ್ಟರು ಅಲ್ಲಿಗೇ ಸಿಮೆಂಟ್ ಅಂದದ್ದು. ಹಾಗೆ ಮಾಡಿದರೆ ನಾಲ್ಕು ವರ್ಷದಲ್ಲಿ ಅದೇ ಸವಳು ಸೊಂಟದ ಮಟ್ಟಕ್ಕೆ ಬರುತ್ತದೆ ಎಂದು ಹೇಳಿ ನಾನೇ ಸ್ವಲ್ಪ ದನಿಯೇರಿಸಿದೆ. ಕಲ್ಲಿನ ಮನೆಯ ಮಾತು ಬಂದರೆ ನನಗೆ ಸುಮ್ಮನಿರಲಿಕ್ಕೆ ಆಗುವುದಿಲ್ಲ. ನಮ್ಮ ಕರಾವಳಿಯಲ್ಲಿ ಮುರಕಲ್ಲಿನ ಎಷ್ಟು ಮನೆಗಳನ್ನು ಹೀಗೆ ಸಿಮೆಂಟ್ ಬಳಿದು, ಮೇಲೆ ಎಮಲ್ಷನ್ ಬಳಿದು, "ಹಳೇ ಮನೆ, ಬಾಳಿಕೆ ಬರಲಿಲ್ಲ" ಎಂದು ಕೆಡವಿದರು! ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಅಂಥ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸದೆ ಇದ್ದಿದ್ದರೆ ನಮ್ಮ ಮಕ್ಕಳಿಗೆ ತೋರಿಸಲಿಕ್ಕೆ ಅಷ್ಟೂ ಉಳಿಯುತ್ತಿರಲಿಲ್ಲ.

ಮುಹರ್ರಕ್‌ನವರು ಏನು ಮಾಡಿದರು ಕೇಳು. 2002ರಲ್ಲಿ ಶೇಖಾ ಮೈ ಬಿಂತ್ ಮೊಹಮ್ಮದ್ ಅಲ್ ಖಲೀಫಾ ಅವರು ಶೇಖ್ ಇಬ್ರಾಹಿಂ ಸಂಸ್ಕೃತಿ ಕೇಂದ್ರ ಶುರುಮಾಡಿದರು. ಅಲ್ಲಿಂದ ಒಂದೊಂದೇ ಹಳೆಯ ಮನೆ ಎದ್ದು ನಿಂತಿತು: ಪತ್ರಿಕೆ ನಡೆಸಿದ ಅಬ್ದುಲ್ಲಾ ಅಲ್ ಝಾಯದ್ ಅವರ ಮನೆ, ಜರಿ ಕಸೂತಿಯ ಕುರಾರ್ ಮನೆ, 1905ರಲ್ಲಿ ಮುತ್ತಿನ ವ್ಯಾಪಾರಿ ಕಟ್ಟಿಸಿದ ಬಿನ್ ಮತರ್ ಮನೆ. 2012ರಲ್ಲಿ ಮುತ್ತಿನ ಹಾದಿ ಯುನೆಸ್ಕೋ ಪಟ್ಟಿಗೆ ಸೇರಿತು. ಕಡಲೊಳಗಿನ ಮೂರು ಚಿಪ್ಪಿನ ಹಾಸು, ಬು ಮಾಹಿರ್ ಕೋಟೆ, ಅದರ ದಡ, ಊರೊಳಗಿನ 17 ಕಟ್ಟಡ, ಎಲ್ಲ ಸೇರಿ ಒಂದು. ನಡೆದರೆ ಸುಮಾರು ಮೂರೂವರೆ ಕಿಲೋಮೀಟರ್. 2019ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿಯೂ ಬಂತು. ದಾರಿದೀಪದ ಕಂಬಗಳನ್ನು ನೋಡು ಒಮ್ಮೆ: ಮೇಲೆ ಮುತ್ತಿನಂಥ ಬಿಳಿ ಗುಂಡು, ಕಂಬದ ಮೊಸಾಯಿಕ್ಕಿನೊಳಗೆ ಮುತ್ತಿನ ಚಿಪ್ಪಿನ ಚೂರು. ಹೊಸದು ಸೇರಿಸುವಾಗಲೂ ಹಳೆಯದರ ಮೈಯ ವಸ್ತುವನ್ನೇ ಸೇರಿಸಿದ್ದಾರೆ. ನನಗೆ ಪ್ರಶಸ್ತಿಗಿಂತ ಅದು ದೊಡ್ಡದು.

"ಅಷ್ಟೆಲ್ಲಾ ರೊಕ್ಕ ಎಲ್ಲಿಂದ ತರೂಣ್ರಿ ನಾವು?"

ರೊಕ್ಕಕ್ಕಿಂತ ತಾಳ್ಮೆ ಹೆಚ್ಚು ಬೇಕು. ಉಪ್ಪು ಹಿಡಿದ ಕಲ್ಲುಗೋಡೆಗೆ ಮೊದಲ ಕೆಲಸ ಬಳಿಯುವುದಲ್ಲ, ಬಿಚ್ಚುವುದು. ಮೊದಲು ನೀರು ಎಲ್ಲಿಂದ ಬರುತ್ತದೆ ನೋಡಬೇಕು. ಬಚ್ಚಲ ನೀರು ಗೋಡೆಬುಡಕ್ಕೆ ಹೋಗುತ್ತಿದೆಯಾ, ಅಂಗಳವನ್ನು ಎತ್ತರಿಸಿ ಮಳೆನೀರು ಗೋಡೆಗೆ ತಿರುಗಿದೆಯಾ? ಅದನ್ನು ನಿಲ್ಲಿಸದೆ ಮಿಕ್ಕಿದ್ದೆಲ್ಲ ವ್ಯರ್ಥ. ಆಮೇಲೆ ಹಳೆಯ ಸಿಮೆಂಟ್ ಇದ್ದರೆ ಬ್ರೇಕರ್ ಮಷೀನ್ ಹಚ್ಚದೆ ಸಣ್ಣ ಉಳಿಯಿಂದ ಎಬ್ಬಿಸಿ, ಗೋಡೆಯನ್ನು ಬರಿಮೈಯಲ್ಲಿ ಒಣಗಲು ಬಿಡಬೇಕು. ವಾರದ ಮಾತಲ್ಲ, ಒಂದು ಬೇಸಿಗೆಯಾದರೂ. ಉಪ್ಪು ಜಾಸ್ತಿ ಇರುವಲ್ಲಿ ಬಿಳಿ ಕಾಗದವನ್ನು ಶುದ್ಧ ನೀರಿನಲ್ಲಿ ನೆನೆಸಿ ಅರೆದು, ದಪ್ಪಗೆ ಮೆತ್ತುತ್ತಾರೆ. ಅದರ ನೀರು ಕಲ್ಲಿನೊಳಗೆ ಹೋಗಿ ಉಪ್ಪನ್ನು ಕರಗಿಸುತ್ತದೆ, ಒಣಗುವಾಗ ಉಪ್ಪು ಕಾಗದಕ್ಕೆ ಬರುತ್ತದೆ. ಒಣಗಿದ ಹಕ್ಕಳೆ ಕಿತ್ತು ಎಸೆದು ಮತ್ತೆ ಮೆತ್ತುವುದು. ಎರಡು, ಮೂರು, ಕೆಲವೊಮ್ಮೆ ಅದಕ್ಕೂ ಹೆಚ್ಚು ಸಲ. ಕೊನೆಗೆ ಗಚ್ಚಿನ ಗೋಡೆಗೆ ಗಚ್ಚು, ಮೇಲೆ ಸುಣ್ಣ. "ವಾಟರ್‌ಪ್ರೂಫ್ ಕೋಟಿಂಗ್ ಕೊಡುತ್ತೇನೆ" ಎಂದು ಡಬ್ಬ ಹಿಡಿದು ಬರುವವನನ್ನು ಬಾಗಿಲಿನಿಂದಲೇ ಕಳಿಸಿಬಿಡು. ಮುಂಗಡೆಯ ಕೆತ್ತನೆ ಕಲ್ಲಿಗೆ ಪ್ರೆಷರ್ ಪಂಪಿನ ನೀರೂ ಬೇಡ, ಮರಳು ಹೊಡೆಸುವುದೂ ಬೇಡ.

ಮುಹರ್ರಕ್‌ನಲ್ಲಿ ಕಲ್ಲೇ ಹೋದ ಜಾಗಕ್ಕೆ ಹೊಸ ಕಲ್ಲೆಲ್ಲಿ? ಹವಳವನ್ನು ಕಡಲಿನಿಂದ ಮತ್ತೆ ಕೀಳುವುದು ಪಾಪ. ಬಿದ್ದುಹೋದ ಹಳೆಯ ಮನೆಯ ಕಲ್ಲು ಅಲ್ಲಿ ಬಂಗಾರ. ನಿಮಗೆ ಆ ಕಷ್ಟವಿಲ್ಲ, ಶಹಾಬಾದ್, ಚಿತ್ತಾಪುರ, ಸೇಡಂ ಎಲ್ಲ ನಿಮ್ಮ ಕೈಯಳತೆಯಲ್ಲೇ ಇವೆ. ಆದರೂ ಪಡಸಾಲೆಯ ಒಡೆದ ಫರಸಿಗೆ ಹಿತ್ತಲ ಕೋಣೆಯ ಹಳೆಯ ಫರಸಿಯನ್ನೇ ಎಬ್ಬಿಸಿ ತಂದು ಹಾಕಿಸು, ಹೊಸದನ್ನು ಹಿತ್ತಲಿಗೆ ಹಾಕಿಸು. ಬಣ್ಣ, ಸವೆತ ಎರಡೂ ಕೂಡುತ್ತವೆ. ಎಬ್ಬಿಸುವ ಮೊದಲು ಪ್ರತಿ ಕಲ್ಲಿಗೂ ಚಾಕ್‌ಪೀಸಿನಲ್ಲಿ ನಂಬರ್ ಬರೆದು ಫೋಟೋ ತೆಗೆಸು. ಸಂದಿಗೆ ವೈಟ್ ಸಿಮೆಂಟ್ ತುಂಬಿದರೆ ಗಟ್ಟಿ ಸಂದು ಉಳಿದು ಕಲ್ಲಿನ ಅಂಚು ಒಡೆಯುತ್ತದೆ, ಅಲ್ಲಿಗೂ ಗಚ್ಚೇ.

ತೊಳೆಯಲಿಕ್ಕೆ ಹುಳಿಯಿಲ್ಲದ, ಕ್ಷಾರ ಹೆಚ್ಚಿಲ್ಲದ ಸಾದಾ ಸೋಪುನೀರು, ನೈಲಾನ್ ಬ್ರಷ್ಷು, ಆಮೇಲೆ ಎರಡು ಸಲ ಒಳ್ಳೆಯ ನೀರು. ದೇವರ ಕೋಣೆಯಲ್ಲಿ ಎಣ್ಣೆ ಜಿಡ್ಡು ಕಪ್ಪಾಗಿ ಕೂತಿದೆಯಂತೆ. ಅದಕ್ಕೆ ಮುಲ್ತಾನಿ ಮಿಟ್ಟಿ. ಗಟ್ಟಿಯಾಗಿ ಕಲೆಸಿ ಬೆರಳು ದಪ್ಪಕ್ಕೆ ಮೆತ್ತಿ, ಒಂದು ರಾತ್ರಿ ಪ್ಲಾಸ್ಟಿಕ್ ಮುಚ್ಚಿಟ್ಟು, ಮರುದಿನ ತೆಗೆದು ಒಣಗಲು ಬಿಟ್ಟರೆ ಮಣ್ಣು ಎಣ್ಣೆಯನ್ನು ಎಳೆದುಕೊಳ್ಳುತ್ತದೆ. ಒಂದೇ ಸಲಕ್ಕೆ ಹೋಗದಿದ್ದರೆ ಇನ್ನೊಂದು ಸಲ.

"ಮತ್ತ ಪಾಲಿಶ್ ಹೊಡಿಸೂದು? ಅತ್ತಿಯವರಿಗೆ ಮಿಂಚಬೇಕ್ರಿ" ಎಂದಳು. ಮಷೀನ್ ಹಾಕಿ ಸಮ ಮಾಡಲಿಕ್ಕೆ ಅದೇನು ಹೊಸ ಟೈಲ್ಸಾ? ಕೈಯುಳಿಯಲ್ಲಿ ಕಡೆದ ಹಾಸು, ಒಂದು ಕಡೆ ತಗ್ಗು, ಒಂದು ಕಡೆ ಉಬ್ಬು. ಸಮ ಆಗಬೇಕಾದರೆ ಉಬ್ಬಿರುವ ಕಲ್ಲನ್ನೆಲ್ಲ ತೇಯಬೇಕು, ಬಾಗಿಲ ಹತ್ತಿರ ಕಾಲು ಸವೆದ ಗುರುತೂ ಅದರ ಜೊತೆಗೇ ಹೋಗುತ್ತದೆ. ಅತ್ತೆಯವರಿಗೆ ಮೊದಲು ಒಂದು ಕೋಣೆ ಸೋಪುನೀರಿನಲ್ಲಿ ತೊಳೆಸಿ ತೋರಿಸು. ಒಣಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆ ನೀಲಿ ಬೂದಿ ಬಣ್ಣ ಹೇಗೆ ಏಳುತ್ತದೆ ಅಂತ ಅವರಿಗೆ ನಿನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಅವಳು ಸ್ವಲ್ಪ ಹೊತ್ತು ಯೋಚಿಸಿ, ಊರಲ್ಲಿ ಗಚ್ಚಿನ ಕೆಲಸ ಗೊತ್ತಿರುವವರು ಇನ್ನೂ ಇದ್ದಾರೋ ಇಲ್ಲವೋ ಎಂದು ಅನುಮಾನಪಟ್ಟಳು. ಗುಡಿಗಳ ಜೀರ್ಣೋದ್ಧಾರ ಮಾಡುವವರನ್ನು ಕೇಳಬೇಕು. ಸುಣ್ಣಕ್ಕೆ ಬೆಲ್ಲ, ಅಳಲೆಕಾಯಿ ನೀರು ಹಾಕಿ ಹದ ಮಾಡುವ ಮುದುಕರು ಒಬ್ಬಿಬ್ಬರಾದರೂ ಸಿಗುತ್ತಾರೆ. ಅಂಥವರು ಸಿಕ್ಕರೆ ಊರಿನ ಇಬ್ಬರು ಹುಡುಗರನ್ನು ಅವರ ಕೈಕೆಳಗೆ ಹಾಕಿ, ಆ ಹುಡುಗರ ಕೂಲಿಯನ್ನೂ ನೀವೇ ಕೊಡಿ ಎಂದೆ. ಟೈಲ್ಸ್ ಹಾಕಿಸುವ ದುಡ್ಡು ಉಳಿಯಿತಲ್ಲ, ಅದು ಅಲ್ಲಿಗೆ ಸಾಕಾಗುತ್ತದೆ.

"ಹಂಗಾದ್ರ ಈಗ ಮೊದಲ ಏನ್ ಮಾಡ್ಲಿ?"

ಈಗ ಊರಲ್ಲಿ ರಾತ್ರಿ ಒಂಬತ್ತಾಗಿರಬೇಕು, ಕಂಟ್ರಾಕ್ಟರು ಎದ್ದಿರುತ್ತಾನೆ. ಫೋನ್ ಮಾಡಿ ಆಸಿಡ್ ಕ್ಯಾನು ಅಂಗಡಿಗೆ ವಾಪಸು ಕೊಡಲಿಕ್ಕೆ ಹೇಳು. ಸಿಮೆಂಟ್ ಚೀಲ ಬಂದಿದ್ದರೆ ಕೊಟ್ಟಿಗೆ ಕಡೆಗೆ ಬಳಸಲಿ, ವಾಡೆಯ ಗೋಡೆಗೆ ಬೇಡ. ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಎಂದು ನಾಳೆ ಬೆಳಿಗ್ಗೆ ನೋಡಿ ಫೋಟೋ ಕಳಿಸಲಿ. ಮಿಕ್ಕಿದ್ದನ್ನು ಶುಕ್ರವಾರ ಮುಹರ್ರಕ್‌ನಲ್ಲಿ ನಡೆಯುತ್ತ ಮಾತಾಡುವ. ನಿನ್ನ ಗಂಡನನ್ನೂ ಹೊರಡಿಸು, ದುಡ್ಡು ಕೊಡುವವರು ಗೋಡೆ ನೋಡಿರಬೇಕು.