ಗಾಜಿನ ತೊಟ್ಟಿಯ ಏಂಜೆಲ್ ಮೀನುಗಳ ಪ್ರಣಯ ಸಂಕಥನ: ತಾತ್ವಿಕ ನೆಲೆಗಳ ಒಂದು ಅನುಸಂಧಾನ

ಪ್ರಸ್ತುತ ಪ್ರಬಂಧವು ಟೆರೊಫಿಲಮ್ ಸ್ಕೇಲಾರೆ ಎಂಬ ಅಮೆಜಾನ್ ಮೂಲದ, ಸಿಕ್ಲಿಡ್ ಕುಟುಂಬದ ಜಲಚರವು ಗಾಜಿನ ಆವರಣದ ಯಜಮಾನಿಕೆಯೊಳಗೆ ತನ್ನ ದಾಂಪತ್ಯದ ಅಸ್ಮಿತೆಯನ್ನು ಕಟ್ಟಿಕೊಳ್ಳುವ ಬಗೆಯನ್ನು ಬಹುನೆಲೆಗಳಲ್ಲಿ ಮುಖಾಮುಖಿಯಾಗಿಸುವ ಪ್ರಯತ್ನವಾಗಿದೆ. ಅಂಗಡಿಯವರು ಇದನ್ನು ಬರೀ ‘ಏಂಜೆಲ್’ ಎನ್ನುತ್ತಾರೆ. ಅದು ಎಲ್ಲರಿಗೂ ಅರ್ಥವಾಗುವುದರಿಂದ ಇಲ್ಲಿ ಪರಿಗಣಿಸಿಲ್ಲ. ಅಧ್ಯಯನದ ವ್ಯಾಪ್ತಿ: ಒಂದು ತೊಟ್ಟಿ. ಮಿತಿ: ಅದೇ ತೊಟ್ಟಿ.

ವರ್ಗ ಒಂದು: ಪ್ರಾಕ್-ದಾಂಪತ್ಯ ಸಂಘರ್ಷಾತ್ಮಕ ಸಂವಹನ. ಆರು ಮರಿಗಳನ್ನು ಒಟ್ಟಿಗೆ ಬೆಳೆಸಿದರೆ, ಅವು ಪ್ರಾಯಕ್ಕೆ ಬಂದಾಗ ಎರಡು ಮೀನುಗಳು ಒಂದು ಮೂಲೆಯನ್ನು ಕೇಂದ್ರವೆಂದು ಘೋಷಿಸಿ ಉಳಿದವನ್ನು ಅಂಚಿಗೆ ತಳ್ಳುತ್ತವೆ. ಕಿವಿರಿನ ಮುಚ್ಚಳ ಅಗಲಿಸುವುದು, ಬಾಲ ಬೀಸಿ ಎದುರಾಳಿಯ ಮೈಗೆ ನೀರು ಅಪ್ಪಳಿಸುವುದು, ಬಾಯಿಗೆ ಬಾಯಿ ಕಚ್ಚಿ ಜಗ್ಗಾಡುವುದು ಪಠ್ಯದ ಮೇಲ್ಪದರ. ಒಳಪದರದಲ್ಲಿ ಏನಿದೆ? ಅಲ್ಲೂ ಬಾಯಿಗೆ ಬಾಯಿ ಕಚ್ಚುವುದೇ ಇದೆ. ಆದರೆ ಅದನ್ನು ‘ಅಧರಕೇಂದ್ರಿತ ಅಧಿಕಾರ ಸಂಧಾನ’ ಎಂದರೆ ಪ್ರಬಂಧಕ್ಕೆ ಎರಡು ಪುಟ ಹೆಚ್ಚುತ್ತದೆ.

ವರ್ಗ ಎರಡು: ಲಂಬನೆಲೆಯ ಪರಿಶುದ್ಧೀಕರಣ. ಜೋಡಿಯು ಅಗಲವಾದ ಎಲೆಯನ್ನೋ ನಿಲ್ಲಿಸಿಟ್ಟ ಸ್ಲೇಟನ್ನೋ ಫಿಲ್ಟರಿನ ಕೊಳವೆಯನ್ನೋ ಆರಿಸಿ ಬಾಯಿಂದ ಉಜ್ಜಿ ಉಜ್ಜಿ ಶುಚಿ ಮಾಡುತ್ತದೆ. ಕೊಳವೆಯ ಆಯ್ಕೆ ಆಧುನಿಕತೆಯೊಂದಿಗಿನ ಅನುಸಂಧಾನವೋ ಪ್ರತಿರೋಧವೋ ಎಂಬ ಬಗ್ಗೆ ಇಬ್ಬರು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. (ಇಬ್ಬರೂ ಮೀನು ನೋಡಿಲ್ಲ.) ಹೆಣ್ಣು ಸಾಲುಸಾಲಾಗಿ ಮೊಟ್ಟೆ ಅಂಟಿಸುತ್ತ ಸಾಗುತ್ತದೆ, ಗಂಡು ಬೆನ್ನಿಗೇ ಬಂದು ಅವಕ್ಕೆ ಜೀವ ಕೂಡಿಸುತ್ತದೆ. ಅಲ್ಲಿಯವರೆಗೆ ಗಂಡು ಯಾವುದು, ಹೆಣ್ಣು ಯಾವುದೆಂದು ಖಚಿತವಾಗಿ ಹೇಳುವುದು ಕಷ್ಟ. ಆ ಹೊತ್ತಿಗೆ ಹೊಟ್ಟೆಯಡಿ ಇಣುಕುವ ಪುಟ್ಟ ನಳಿಗೆ ಗಂಡಿನದಾದರೆ ಸಣ್ಣಗೆ ಚೂಪು, ಹೆಣ್ಣಿನದಾದರೆ ದಪ್ಪಗೆ ಮೊಂಡು. ಲಿಂಗತ್ವದ ಅಧ್ಯಾಯವನ್ನು ಇಷ್ಟಕ್ಕೇ ಮುಗಿಸಿದ್ದಕ್ಕೆ ಮಾರ್ಗದರ್ಶಕರ ಕ್ಷಮೆ ಕೋರುತ್ತೇನೆ.

ವರ್ಗ ಮೂರು: ಪಾಲನಾತ್ಮಕ ರೆಕ್ಕೆಚಲನೆಯ ಸೌಂದರ್ಯಮೀಮಾಂಸೆ. ಹೀಗೆ ಹನ್ನೊಂದರವರೆಗೆ ಯೋಜನೆಯಿತ್ತು. ಸಾಕು.

ಮೀನನ್ನು ನೋಡಿಯೇ ಬರೆದವರೂ ಇದ್ದರು. ಪ್ರಾಣಿವರ್ತನೆಯ ವಿಜ್ಞಾನಿ ನಿಕೊ ಟಿನ್‌ಬರ್ಗೆನ್ ಸಾಕಿದ್ದ ಸ್ಟಿಕಲ್‌ಬ್ಯಾಕ್ ಎಂಬ ಪುಟ್ಟ ಮೀನಿನ ಗಂಡುಗಳು, ಕಿಟಕಿಯಾಚೆ ಕೆಂಪು ಅಂಚೆ ವ್ಯಾನು ಹಾದಾಗ ಎದುರಾಳಿ ಗಂಡೇ ಬಂದಿತೆಂಬಂತೆ ಆ ಬದಿಗೆ ನುಗ್ಗಿದವು. ಅವರು ಅದನ್ನು ಹಾಗೆಯೇ ಬರೆದರು. ಕೆಂಪು ಹೊಟ್ಟೆಯ ಬೊಂಬೆಗಳನ್ನು ಮಾಡಿ ತೊಟ್ಟಿಗಿಳಿಸಿ ಪರೀಕ್ಷಿಸಿದರು. 1973ರಲ್ಲಿ ಲೊರೆಂಜ್ ಮತ್ತು ಫ್ರಿಶ್ ಜೊತೆಗೆ ನೊಬೆಲ್ ಹಂಚಿಕೊಂಡರು. ನಮ್ಮಲ್ಲಾಗಿದ್ದರೆ ‘ಅಂಚೆ ವ್ಯಾನಿನ ವರ್ಣರಾಜಕಾರಣ’ದ ಮೇಲೆ ಎರಡು ದಿನದ ವಿಚಾರ ಸಂಕಿರಣ ನಡೆದು, ಮೀನು ಮಧ್ಯಾಹ್ನದ ಊಟದಲ್ಲಿ ಮಾತ್ರ ಕಾಣಿಸುತ್ತಿತ್ತು.

ಅಂಥದೊಂದು ಗೋಷ್ಠಿಯಲ್ಲಿ ಹುಡುಗಿಯೊಬ್ಬಳು ತನ್ನ ನೋಟ್‌ಬುಕ್ ತೆರೆದು ಓದಿದಳು. ಅವಳ ತೊಟ್ಟಿಯ ಜೋಡಿ ಹಗಲೂ ರಾತ್ರಿ ಮೊಟ್ಟೆಗಳಿಗೆ ರೆಕ್ಕೆ ಬೀಸಿತು, ಬೂಸ್ಟು ಹಿಡಿದವನ್ನು ಒಂದೊಂದೇ ಹೆಕ್ಕಿ ತೆಗೆಯಿತು, ಕೊನೆಗೆ ಎಲ್ಲವೂ ಬೆಳ್ಳಗಾಗಿ ಕೆಟ್ಟವು. ಎರಡೂ ಹೆಣ್ಣು ಮೀನುಗಳೇ ಆಗಿದ್ದವು. ಏಂಜೆಲ್‌ಗಳಲ್ಲಿ ಹೀಗೆ ಎರಡು ಹೆಣ್ಣುಗಳು ಜೊತೆಗೂಡಿ, ಎರಡೂ ಮೊಟ್ಟೆಯಿಟ್ಟು ಕಾಯುವುದುಂಟು. ಅಧ್ಯಕ್ಷರು ಕನ್ನಡಕ ಸರಿಪಡಿಸಿಕೊಂಡು, “ಎಲ್ಲಾ ಸರಿ ಕಣಮ್ಮಾ, ಇದರ ತಾತ್ವಿಕ ಚೌಕಟ್ಟು ಯಾವುದು?” ಎಂದರು. ಅವಳು ಪುಸ್ತಕ ಮುಚ್ಚಿ ಕೂತಳು. ಇಡೀ ಸಭಾಂಗಣದಲ್ಲಿ ಮೀನನ್ನು ಕಣ್ಣಿಟ್ಟು ನೋಡಿದ್ದವಳು ಅವಳೊಬ್ಬಳೇ! ಅವಳ ಬಾಯಿ ಮುಚ್ಚಿಸಿ ಬಡ್ತಿಯ ಅಂಕ ಎಣಿಸಿಕೊಳ್ಳುವವರಿಗೆ ನಾಚಿಕೆಯೆಂಬುದು ಯಾವ ನೆಲೆಯಲ್ಲಾದರೂ ಇದೆಯೆ?

ಫಲ ಕೂಡಿದ ಮೊಟ್ಟೆ ಬೆಚ್ಚನೆಯ ನೀರಿನಲ್ಲಿ ಎರಡು ಮೂರು ದಿನಕ್ಕೆ ಒಡೆಯುತ್ತದೆ. ಮರಿಗಳು ಅಂಟಿಕೊಂಡಲ್ಲೇ ಬಾಲ ಅಲುಗಿಸುತ್ತಿರುತ್ತವೆ. ಕಳಚಿ ಬಿದ್ದದ್ದನ್ನು ತಂದೆಯೋ ತಾಯಿಯೋ ಬಾಯಲ್ಲಿ ಎತ್ತಿ ಮತ್ತೆ ಸ್ವಸ್ಥಾನಕ್ಕೆ ಅಂಟಿಸುತ್ತದೆ. ಇಷ್ಟನ್ನು ನೋಡುವ ಭಾಗ್ಯವೂ ಈಗ ಅಪರೂಪ. ಮರಿ ಮಾಡಿಸಿ ಮಾರುವವರು ಮೊಟ್ಟೆ ಕಂಡ ಕೂಡಲೇ ಸ್ಲೇಟನ್ನೇ ಎತ್ತಿ ಬೇರೆ ಜಾಡಿಗಿಟ್ಟು, ಬೂಸ್ಟು ತಡೆಯಲು ಮಿಥಿಲೀನ್ ಬ್ಲೂ ಹನಿಸಿ, ಗಾಳಿಗುಳ್ಳೆ ಬಿಡುತ್ತಾರೆ. ರೆಕ್ಕೆ ಬೀಸುವ ಕೆಲಸ ಏರ್ ಪಂಪಿನದು. ಹಾಗೆ ಹೆತ್ತವರನ್ನೇ ಕಾಣದೆ ಬೆಳೆದ ಜೋಡಿ, ಬೆಳಕು ಆರದ ಹಜಾರದಲ್ಲಿ, ಗಾಜು ತಟ್ಟುವ ಮಕ್ಕಳೆದುರು, ಇತರ ಮೀನುಗಳ ಕಾಟದ ನಡುವೆ ತನ್ನ ಮೊಟ್ಟೆಗಳನ್ನು ತಾನೇ ತಿಂದರೆ, ಸಾಕಿದವರು ‘ಇವಕ್ಕೆ ತಾಯ್ತನವೇ ಇಲ್ಲ’ ಎಂದು ಬೈಯುತ್ತಾರೆ. ‘ತಾಯ್ತನದ ನಿರಚನೆ’ ಎಂಬ ಹೆಸರಿನಲ್ಲಿ ಇದಕ್ಕೂ ಯಾರೋ ಶುಲ್ಕ ಕಟ್ಟಿ ಪ್ರಬಂಧ ಕಳಿಸಿರುತ್ತಾರೆ.