ಡೆಕ್ ಕ್ಷಯ ಮೀಮಾಂಸೆ

ಫೈಬರ್ ಗ್ಲಾಸ್ ದೋಣಿ ಕೊಳೆಯುವುದಿಲ್ಲ ಎಂಬುದು ಶ್ರುತಿ. ಹಳೆಯ ಫೈಬರ್ ಗ್ಲಾಸ್ ದೋಣಿಯ ಮೇಲೆ ನಿಂತರೆ ಕಾಲು ಕುಸಿಯುತ್ತದೆ ಎಂಬುದು ಅನುಭವ. ಈ ವಿರೋಧದ ಪರಿಹಾರವೇ ಪ್ರಸ್ತುತ ಶಾಸ್ತ್ರದ ಪ್ರಯೋಜನ. ದೋಣಿಯನ್ನು ಅಗ್ಗಕ್ಕೆ ಕೊಂಡು, ಸಂಗತಿಯನ್ನು ಮನೆಯಲ್ಲಿ ಇನ್ನೂ ಬಾಯಿಬಿಡದವನೇ ಇದಕ್ಕೆ ಅಧಿಕಾರಿ.

ವಿಷಯ: ಕಾರ್ಲ್ ಆಲ್ಬರ್ಗ್ ವಿನ್ಯಾಸಗೊಳಿಸಿದ, 1959ರ ನ್ಯೂಯಾರ್ಕ್ ದೋಣಿ ಮೇಳದಲ್ಲಿ ಅವತರಿಸಿದ ಸುಮಾರು 28 ಅಡಿಯ ಪಿಯರ್ಸನ್ ಟ್ರೈಟನ್ ಹಾಯಿದೋಣಿ. ಇದರ ಡೆಕ್ಕಿನಲ್ಲಿ ಎರಡು ಫೈಬರ್ ಪದರ, ನಡುವೆ ಬಾಲ್ಸಾ ಮರ. ಪದರಗಳ ನಡುವಿನ ಅಂತರ ಹೆಚ್ಚಿದಷ್ಟೂ ಡೆಕ್ ಗಟ್ಟಿ; ಬಾಲ್ಸಾ ಹಗುರವಾದ್ದರಿಂದ ತೂಕವೂ ಏರದು. ಆದಕಾರಣ ಫೈಬರ್ ಕೊಳೆಯುವುದಿಲ್ಲವೆಂಬ ಶ್ರುತಿಗೆ ಬಾಧೆಯಿಲ್ಲ. ಕೊಳೆಯುವುದು ಒಳಗಿನ ಮರ.

ಪ್ರಮಾಣವಿಚಾರ: ಕೊಳೆತವನ್ನು ತಿಳಿಯಲು ಪ್ರಮಾಣಗಳು ಆರು. ಕಾಲಿಟ್ಟಲ್ಲಿ ಡೆಕ್ ತಗ್ಗಿದರೆ ಪ್ರತ್ಯಕ್ಷ. ಸುತ್ತಿಗೆಯಿಂದ ಮೆಲ್ಲಗೆ ಕುಟ್ಟಿದಾಗ ಟಣ್ ಎನ್ನಬೇಕಾದದ್ದು ದಬ್ ಎಂದರೆ ಅನುಮಾನ. ಒಳಗಿನ ಮರ ಚಹಾದಲ್ಲಿ ಮರೆತುಬಿಟ್ಟ ರಸ್ಕಿನಂತಿದೆ ಎಂದರೆ ಉಪಮಾನ. ಮಾರುವವನು “ಸ್ವಲ್ಪ ಮೆತ್ತಗಿದೆ, ಅಷ್ಟೇ” ಎಂದರೆ ಶಬ್ದ. ಆಪ್ತವಾಕ್ಯವಲ್ಲವಾದ್ದರಿಂದ ಇದನ್ನು ಹತ್ತರಿಂದ ಗುಣಿಸಿ ಗ್ರಹಿಸತಕ್ಕದ್ದು. ಹಗಲು ಉಣ್ಣದ ದೇವದತ್ತ ದಪ್ಪಗಿದ್ದರೆ ರಾತ್ರಿ ಉಣ್ಣುತ್ತಾನೆಂದು ಕಲ್ಪಿಸುವಂತೆ, ಮಳೆ ನಿಂತು ವಾರವಾದರೂ ಸ್ಕ್ರೂ ತೂತಿನಿಂದ ಕಂದು ನೀರು ತೊಟ್ಟಿಕ್ಕಿದರೆ ಅರ್ಥಾಪತ್ತಿ. ಡ್ರಿಲ್ ಇಳಿಸಿದಾಗ ಮರದ ಪುಡಿಯೇ ಬಾರದಿದ್ದರೆ ಅನುಪಲಬ್ಧಿ.

ಪೂರ್ವಪಕ್ಷ: ಸಮುದ್ರವೇ ಅಪರಾಧಿ.

ಸಿದ್ಧಾಂತ: ಅಲ್ಲ. ಮರ ತಿನ್ನುವ ಶಿಲೀಂಧ್ರಕ್ಕೆ ಉಪ್ಪುನೀರು ಹಿಡಿಸದು. ಅದು ಬಯಸುವುದು ಮಳೆಯ ಸಿಹಿನೀರು. ಮರದ ತೇವ ಶೇ. 20 ಮೀರಿ ನಿಂತರೆ ಅದಕ್ಕೆ ಹಬ್ಬ. ಆ ಮಳೆನೀರಿಗೆ ಬಾಗಿಲು ತೆರೆದವನು ಯಾರು? ಯಜಮಾನ. ಒಬ್ಬ ಹಗ್ಗ ಕಟ್ಟಲು ಗೂಟ ಕೂರಿಸಿದ, ಮುಂದಿನವನು ಕಂಬಿ, ಅದರ ಮುಂದಿನವನು ಲೋಟ ಇಡುವ ಬಳೆ. ಪ್ರತಿ ಸೌಕರ್ಯಕ್ಕೂ ನಾಲ್ಕು ಸ್ಕ್ರೂ. ಪ್ರತಿ ಸ್ಕ್ರೂ ಸುತ್ತಲೂ ಒಂದಲ್ಲ ಒಂದು ದಿನ ಬಿರುಕು ಬಿಡುವ ಸೀಲೆಂಟ್. ಬಿರುಗಾಳಿಯನ್ನು ಜಯಿಸಿದ ದೋಣಿ ಲೋಟಕ್ಕೆ ಸೋಲುತ್ತದೆ.

ಕರ್ಮಕಾಂಡ: ಮೇಲಿನ ಪದರವನ್ನು ಕೊಯ್ದು ತೆಗೆಯುವುದು. ಕೊಳೆತದ್ದನ್ನು ಕೆರೆದು, ಉಳಿದದ್ದನ್ನು ಚೆನ್ನಾಗಿ ಒಣಗಿಸುವುದು. ಹೊಸ ಬಾಲ್ಸಾವನ್ನು ಎಪಾಕ್ಸಿಯಲ್ಲಿ ಕೂರಿಸಿ ಪದರ ಮುಚ್ಚುವುದು. ಸೇರುವ ಅಂಚನ್ನು ಪದರದ ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಿ, ಗಾಜಿನ ಬಟ್ಟೆ ಹಾಸಿ ಬೆಸೆಯುವುದು. ಉಜ್ಜುವಾಗಿನ ದೂಳಿನಿಂದ ಹುಟ್ಟುವ ತುರಿಕೆಯೇ ದೀಕ್ಷೆ. ಉತ್ಸಾಹದಿಂದ ಡಬ್ಬಿ ತುಂಬ ಎಪಾಕ್ಸಿ ಕಲಸಿದರೆ ಅದು ತನ್ನ ಕಾವಿಗೇ ಹೊಗೆಯಾಡಿ ಕಲ್ಲಾಗುತ್ತದೆ. ಇದಕ್ಕೆ ಪ್ರಾಯಶ್ಚಿತ್ತವಿಲ್ಲ, ಹೊಸ ಡಬ್ಬಿಯೇ ಗತಿ. ಕಡೆಯದು, ಎಲ್ಲಕ್ಕಿಂತ ಮುಖ್ಯ: ಪ್ರತಿ ತೂತನ್ನೂ ಬೇಕಾದದ್ದಕ್ಕಿಂತ ದೊಡ್ಡದಾಗಿ ಕೊರೆದು, ದಪ್ಪ ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ನಡುವೆ ಮತ್ತೆ ಕೊರೆಯುವುದು. ಆಗ ಸೀಲೆಂಟ್ ಕೈಕೊಟ್ಟರೂ ನೀರು ಮರವನ್ನು ಮುಟ್ಟದು.

ಫಲಶ್ರುತಿ: ಇದನ್ನು ಒಮ್ಮೆ ಓದಿದವನು ಡ್ರಿಲ್ ಕೆಳಗಿಡುತ್ತಾನೆ. ಎರಡು ಸಲ ಓದಿದವನು ಲೋಟವನ್ನು ಕೈಯಲ್ಲೇ ಹಿಡಿಯುತ್ತಾನೆ. ಮೂರು ಸಲ ಓದಿದವನು ದೋಣಿಯನ್ನೇ ಮಾರುತ್ತಾನೆ. ಕೊಳ್ಳಲು ಬಂದವನು ಡೆಕ್ ತುಳಿದು ಮುಖ ನೋಡಿದರೆ, “ಸ್ವಲ್ಪ ಮೆತ್ತಗಿದೆ, ಅಷ್ಟೇ” ಎನ್ನುತ್ತಾನೆ.